ಎರಡಡಿ ಸರಿದ ಚಪ್ಪಲಿ, ವೀಜಿಯ ಟೋಪಿ

ಪ್ರಶ್ನೆ: ನನಗೆ 27 ವರ್ಷ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿದ್ದೇನೆ. ಮದುವೆ ಫೋಟೊ ಹೊಟ್ಟೆಪಾಡು. ಜೊತೆಗೆ ಪತ್ರಿಕೆಯೊಂದಕ್ಕೆ ಅಪಘಾತ, ಕೊಲೆ, ಬೆಂಕಿ ಅನಾಹುತದ ಫೋಟೊ ಕಳಿಸುತ್ತೇನೆ, ಒಂದು ಫೋಟೊಗೆ ಇಷ್ಟು ಎಂದು ಕೊಡುತ್ತಾರೆ. ನ್ಯೂಯಾರ್ಕಿನ ವೀಜಿ ಎಂಬ ಫೋಟೊಗ್ರಾಫರನ ಚಿತ್ರಗಳನ್ನು ನೋಡಿ ನೋಡಿಯೇ ರಾತ್ರಿ ಹೊತ್ತು ಫ್ಲ್ಯಾಶ್ ಹಾಕಿ ತೆಗೆಯುವುದನ್ನು ಕಲಿತೆ. ಅವನನ್ನು ಗುರು ಅಂದುಕೊಂಡಿದ್ದೆ. ಈಚೆಗೆ ಗೊತ್ತಾಯಿತು, ಅವನ ಅತಿ ಪ್ರಸಿದ್ಧ ಚಿತ್ರ ‘ದಿ ಕ್ರಿಟಿಕ್’ ಅವನೇ ಹೂಡಿದ ನಾಟಕವಂತೆ. ಹೆಣದ ಪಕ್ಕ ಟೋಪಿ ತಂದಿಡುತ್ತಿದ್ದನಂತೆ, ಪೊಲೀಸರಿಗಿಂತ ಮೊದಲೇ ಕೊಲೆಯ ಜಾಗಕ್ಕೆ ಬರುತ್ತಿದ್ದನಂತೆ, ಸತ್ತವರ ಮೇಲೆ ದುಡ್ಡು ಮಾಡಿದನಂತೆ. ಇದರಲ್ಲಿ ನಿಜ ಎಷ್ಟು?

ಇನ್ನೊಂದು ಮಾತು. ಹೋದ ವರ್ಷ ಹೆದ್ದಾರಿಯಲ್ಲಿ ಒಂದು ಮಗು ಅಪಘಾತದಲ್ಲಿ ತೀರಿಕೊಂಡಿತು. ಅದರ ಚಪ್ಪಲಿ ರಸ್ತೆ ಅಂಚಿನಲ್ಲಿ ಬಿದ್ದಿತ್ತು. ನಾನು ಅದನ್ನು ಎರಡಡಿ ಸರಿಸಿ ಟೈರಿನ ಗುರುತಿನ ಪಕ್ಕ ಇಟ್ಟು ಫೋಟೊ ತೆಗೆದೆ. ಮುಖಪುಟದಲ್ಲಿ ಬಂತು, ತುಂಬ ಜನ ಹೊಗಳಿದರು. ಈಗ ಸಂಪಾದಕರು ಅದನ್ನು ಸ್ಪರ್ಧೆಗೆ ಕಳಿಸು ಎನ್ನುತ್ತಿದ್ದಾರೆ. ರಾತ್ರಿ ನಿದ್ದೆ ಬರುವುದಿಲ್ಲ. ಇಂಥ ಕೆಲಸ ಮುಗಿಸಿ ಮನೆಗೆ ಹೋದರೆ ಅಮ್ಮ ಸ್ನಾನ ಮಾಡದೆ ಒಳಗೆ ಬಿಡುವುದಿಲ್ಲ. ಈ ಕಸುಬೇ ಪಾಪದ್ದು ಅನ್ನುತ್ತಾರೆ. ನಾನು ಏನು ಮಾಡಲಿ ಸರ್?

ಉತ್ತರ: ನೀವು ಕೇಳಿರುವುದು ಎರಡು. ವೀಜಿ ಮೋಸಗಾರನೇ ಅನ್ನುವುದು ಒಂದು, ನಾನು ಮೋಸಗಾರನೇ ಅನ್ನುವುದು ಇನ್ನೊಂದು. ನಿದ್ದೆ ಕೆಡಿಸಿರುವುದು ಎರಡನೆಯದು. ಗುರುವೂ ಹೀಗೇ ಮಾಡಿದ್ದಾನೆ ಅಂತಾದರೆ ಶಿಷ್ಯನ ಭಾರ ಅರ್ಧ ಇಳಿದೀತು ಎಂಬ ಆಸೆ ಪತ್ರದ ಸಾಲುಗಳ ನಡುವೆ ಎಲ್ಲೋ ಇದೆ. ತಪ್ಪು ತಿಳಿಯಬೇಡಿ, ನಿಮ್ಮ ವಯಸ್ಸಿನಲ್ಲಿ ನಾನೂ ಇಂಥ ಲೆಕ್ಕ ಹಾಕಿದವನೇ. ಮೂವತ್ತು ವರ್ಷ ಪತ್ರಿಕಾ ಫೋಟೊಗ್ರಾಫರ್ ಆಗಿ, ಆಮೇಲೆ ಮೇಷ್ಟ್ರಾಗಿ ಕೆಲಸ ಮಾಡಿದವನ ಅನುಭವದಿಂದ ಹೇಳುತ್ತೇನೆ. ವೀಜಿಯಿಂದಲೇ ಶುರು ಮಾಡೋಣ. ಚಪ್ಪಲಿಯ ವಿಷಯಕ್ಕೆ ಬೇಕಾದ್ದು ಅವನ ಬದುಕಿನಲ್ಲೇ ಸಿಗುತ್ತದೆ.

ಹುಟ್ಟುಹೆಸರು ಉಶೆರ್ ಫೆಲಿಗ್. 1899ರ ಜೂನ್ 12ರಂದು ಅಂದಿನ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಗಲೀಷಿಯದಲ್ಲಿ ಬಡ ಯಹೂದಿ ಮನೆಯಲ್ಲಿ ಹುಟ್ಟಿದ. ಆ ಊರು ಇವತ್ತು ಉಕ್ರೇನಿನಲ್ಲಿದೆ. ಹತ್ತು ವರ್ಷದ ಹುಡುಗನಾಗಿದ್ದಾಗ ತಾಯಿ, ಒಡಹುಟ್ಟಿದವರ ಜೊತೆ ನ್ಯೂಯಾರ್ಕಿಗೆ ಬಂದ. ಅಲ್ಲಿ ಉಶೆರ್ ಹೋಗಿ ಆರ್ಥರ್ ಆಯಿತು. ಲೋಯರ್ ಈಸ್ಟ್ ಸೈಡ್ ಎಂಬ ವಲಸಿಗರ ಕಿಷ್ಕಿಂಧೆಯಲ್ಲಿ ಬೆಳೆದ. ಹದಿನಾಲ್ಕರ ಆಸುಪಾಸಿನಲ್ಲಿ ಶಾಲೆ ಬಿಟ್ಟ, ಕೆಲವು ವರ್ಷದ ಮೇಲೆ ಮನೆಯನ್ನೂ ಬಿಟ್ಟ, ಪಾರ್ಕಿನ ಬೆಂಚು, ರೈಲು ನಿಲ್ದಾಣ ಅಂತ ಸಿಕ್ಕಲ್ಲಿ ಮಲಗಿದ.

ಮೊದಮೊದಲ ಫೋಟೊ ಕೆಲಸಗಳಲ್ಲಿ ಒಂದನ್ನು ಕೇಳಿದರೆ ಮದುವೆ ಫೋಟೊಗ್ರಾಫರಾದ ನಿಮಗೆ ನಗು ಬಂದೀತು. ಪುಟ್ಟ ಕುದುರೆಯೊಂದನ್ನು ಬಾಡಿಗೆಗೆ ತಂದು, ಬೀದಿ ಮಕ್ಕಳನ್ನು ಅದರ ಮೇಲೆ ಕೂರಿಸಿ ಫೋಟೊ ತೆಗೆದು, ಪ್ರಿಂಟನ್ನು ತಾಯಂದಿರಿಗೆ ಮಾರುತ್ತಿದ್ದ. ಕುದುರೆಯ ಹೆಸರು ಹೈಪೋ, ಫಿಲ್ಮ್ ತೊಳೆಯುವ ಡಾರ್ಕ್‌ರೂಮಿನಲ್ಲಿ ಚಿತ್ರವನ್ನು ಗಟ್ಟಿ ಮಾಡುವ ರಾಸಾಯನಿಕದ ಹೆಸರು. ಮಕ್ಕಳ ಮುಖ ಸುಣ್ಣದಷ್ಟು ಬೆಳ್ಳಗೆ ಬರಲಿ ಎಂದು ಕಪ್ಪು ಬಿಳುಪಿನ ಅಂತರ ಅತಿ ಹೆಚ್ಚಿರುವ ಕಾಗದದ ಮೇಲೆ ಪ್ರಿಂಟ್ ಹಾಕುತ್ತಿದ್ದೆ, ಗಿರಾಕಿಗಳಿಗೆ ಅದೇ ಇಷ್ಟ, ಎಂದು ಅವನೇ ಬರೆದಿದ್ದಾನೆ. ‘ಹುಡುಗಿ ಸ್ವಲ್ಪ ಬೆಳ್ಳಗೆ ಕಾಣೋ ಹಾಗೆ ಮಾಡಪ್ಪ’ ಅನ್ನುವವರ ನಡುವೆ ದುಡಿಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಲೆ ಚಿತ್ರಗಳ ಆ ಸುಣ್ಣ ಬಳಿದಂಥ ಮುಖಗಳ ಅಭ್ಯಾಸ ಕುದುರೆಯ ಕಾಲದಲ್ಲೇ ಆಗಿತ್ತು.

1924ರಲ್ಲಿ ಆಕ್ಮಿ ನ್ಯೂಸ್‌ಪಿಕ್ಚರ್ಸ್ ಎಂಬ ಸುದ್ದಿಚಿತ್ರ ಸಂಸ್ಥೆಯ ಡಾರ್ಕ್‌ರೂಮ್ ಸೇರಿದ. ಹನ್ನೊಂದು ವರ್ಷ ಬೇರೆಯವರ ನೆಗೆಟಿವ್ ತೊಳೆದ, ಪ್ರಿಂಟ್ ಹಾಕಿದ. 1935ರಲ್ಲಿ ಹೊರಬಂದು ಸ್ವತಂತ್ರನಾದ. ಆಗ ಅವನಿಗೆ 36. ಇವತ್ತು ನಾವು ‘ವೀಜಿ’ ಅನ್ನುವ ಚಿತ್ರಗಳಲ್ಲಿ ಹೆಚ್ಚಿನವು ಅಲ್ಲಿಂದ ಮುಂದಿನ ಹತ್ತು ವರ್ಷದ ಬೆಳೆ.

ಇನ್ನು ದಂತಕಥೆಗಳು. ಹೆಸರಿನದೇ ಮೊದಲನೆಯದು. ಪ್ರೇತಗಳನ್ನು ಕರೆಸಿ ಭವಿಷ್ಯ ಕೇಳುವ ‘ವೀಜಾ ಬೋರ್ಡ್’ ಅಲ್ಲಿನವರ ಬಾಯಲ್ಲಿ ‘ವೀಜಿ’. ಕೊಲೆ ನಡೆಯುವ ಮೊದಲೇ ಇವನಿಗೆ ಗೊತ್ತಾಗುತ್ತದೆ, ಅದಕ್ಕೇ ಆ ಹೆಸರು ಎಂದು ಅವನೇ ಹೇಳಿಕೊಂಡು ತಿರುಗಿದ. ಇನ್ನೊಂದು ಕಥೆ ಸಪ್ಪೆ, ನನಗೆ ಹೆಚ್ಚು ನಂಬಿಕೆ ಅದರ ಮೇಲೆ. ಒದ್ದೆ ಪ್ರಿಂಟಿನ ನೀರು ಒರೆಸುವ ರಬ್ಬರ್ ಪಟ್ಟಿಗೆ ‘ಸ್ಕ್ವೀಜಿ’ ಎನ್ನುತ್ತಾರೆ. ಡಾರ್ಕ್‌ರೂಮಿನಲ್ಲಿ ಆ ಕೆಲಸ ಮಾಡುವ ಹುಡುಗನಿಗೆ ಅದೇ ಅಡ್ಡಹೆಸರು. ನಮ್ಮ ಕಾಲದ ಡಾರ್ಕ್‌ರೂಮುಗಳಲ್ಲೂ ಅದಿತ್ತು, ಈಗ ಸಿಗ್ನಲ್ಲಿನಲ್ಲಿ ಕಾರಿನ ಗಾಜು ಒರೆಸುವವರ ಕೈಯಲ್ಲಿದೆ. ನೆಲ ಒರೆಸುವ ಕೆಲಸಕ್ಕೆ ಸಮನಾದ ಹೆಸರನ್ನು ಮಂತ್ರವಾದಿಯ ಹೆಸರಾಗಿ ತಿರುಗಿಸಿಕೊಂಡ ಮನುಷ್ಯ, ಪ್ರಿಂಟುಗಳ ಹಿಂದೆ ‘ಪ್ರಸಿದ್ಧ ವೀಜಿ’ ಎಂದು ಮೊಹರು ಹೊಡೆಯುತ್ತಿದ್ದ. ತನ್ನ ಬಗ್ಗೆ ಅವನು ಹೇಳಿದ ಯಾವ ಮಾತನ್ನೂ ಉಪ್ಪು ಖಾರ ಕಳೆದೇ ಕೇಳಬೇಕು.

ಪೊಲೀಸರಿಗಿಂತ ಮೊದಲು ಬರುತ್ತಿದ್ದನೇ? ಅವನ ಕೊಲೆ ಚಿತ್ರಗಳನ್ನು ಮತ್ತೆ ನೋಡಿ. ಎಷ್ಟೋ ಚಿತ್ರಗಳಲ್ಲಿ ಪೊಲೀಸರು ಆಗಲೇ ನಿಂತಿದ್ದಾರೆ, ಹೆಣದ ಮೇಲೆ ಹಾಳೆಯೋ ಪತ್ರಿಕೆಯೋ ಹೊದಿಸಿಯಾಗಿದೆ. ಅವನು ಬೇರೆ ಫೋಟೊಗ್ರಾಫರುಗಳಿಗಿಂತ ಮೊದಲು ಬರುತ್ತಿದ್ದ, ಅಷ್ಟೇ. ಅದಕ್ಕೆ ಪ್ರೇತದ ಸಹಾಯ ಬೇಕಿರಲಿಲ್ಲ. ಮ್ಯಾನ್‌ಹಟನ್‌ನ ಸೆಂಟರ್ ಸ್ಟ್ರೀಟಿನಲ್ಲಿದ್ದ ಪೊಲೀಸ್ ಪ್ರಧಾನ ಕಚೇರಿಯ ಬೆನ್ನಿಗೇ, ಸೆಂಟರ್ ಮಾರ್ಕೆಟ್ ಪ್ಲೇಸಿನ 5ನೇ ನಂಬರಿನ ಕಟ್ಟಡದಲ್ಲಿ ಒಂದು ಕೋಣೆ ಹಿಡಿದಿದ್ದ. 1938ರಲ್ಲಿ ಕಾರಿನಲ್ಲಿ ಪೊಲೀಸ್ ರೇಡಿಯೊ ಕೇಳಲು ಅನುಮತಿ ಪಡೆದ. ಆ ಷೆವರ್ಲೆ ಕಾರಿನ ಡಿಕ್ಕಿಯಲ್ಲಿ ಟೈಪ್‌ರೈಟರ್, ಬಲ್ಬುಗಳು, ಅಗ್ನಿಶಾಮಕರ ಬೂಟು, ಸಿಗಾರ್, ತಿನ್ನಲು ಮಾಂಸದ ಸಲಾಮಿ. ಡಿಕ್ಕಿಯ ಬಾಗಿಲು ಎತ್ತಿಟ್ಟು, ಅಲ್ಲೇ ಕೂತು ಅಡಿಬರಹ ಟೈಪಿಸುತ್ತಿರುವ ಅವನ ಚಿತ್ರ ನೀವು ನೋಡಿರುತ್ತೀರಿ. ರಾತ್ರಿಯೆಲ್ಲ ಊರು ಸುತ್ತಿ ಬೆಳಗಿನ ಆವೃತ್ತಿಗೆ ಚಿತ್ರ ಮುಟ್ಟಿಸುವುದು ದಿನಚರಿ. ಪವಾಡ ಅಂದರೆ ನಿದ್ದೆಗೆಟ್ಟಿದ್ದು.

(ಇದನ್ನು ಓದಿ ವಾಕಿಟಾಕಿ ಕೊಳ್ಳಲು ಹೋಗಬೇಡಿ. ಪೊಲೀಸ್ ವೈರ್‌ಲೆಸ್ಸನ್ನು ಅನುಮತಿ ಇಲ್ಲದೆ ಕದ್ದು ಕೇಳುವುದು ನಮ್ಮಲ್ಲಿ ಅಪರಾಧ. ಠಾಣೆಯ ಬರಹಗಾರರ ಸ್ನೇಹ, ಆಂಬುಲೆನ್ಸ್ ಚಾಲಕರ ನಂಬರ್, ಇವು ಕಾನೂನಿನೊಳಗಿನ ರೇಡಿಯೊ.)

ಟೋಪಿಯ ಕಥೆ. ಇದು ಫೋಟೊಗ್ರಾಫರುಗಳ ಪಡಸಾಲೆಯಲ್ಲಿ ಹುಟ್ಟಿ ಬೆಳೆದ ಹರಟೆ. ಒಂದು ಕ್ಷಣ ಆ ಕಾಲದ ಬೀದಿಯನ್ನು ನೆನೆಯಿರಿ. 1930ರ ದಶಕದ ನ್ಯೂಯಾರ್ಕಿನಲ್ಲಿ ಟೋಪಿ ಇಲ್ಲದೆ ಗಂಡಸು ಹೊರಗೆ ಕಾಲಿಡುತ್ತಿರಲಿಲ್ಲ. ಗುಂಡು ತಗುಲಿ ಬಿದ್ದವನ ತಲೆಯಿಂದ ಟೋಪಿ ಉರುಳದೆ ಇನ್ನೇನಾಗುತ್ತದೆ? ಅದು ಚೌಕಟ್ಟಿನ ಮುಂಭಾಗದಲ್ಲಿ ದೊಡ್ಡದಾಗಿ ಬರಬೇಕಾದರೆ ಟೋಪಿ ಸರಿಯಬೇಕಿಲ್ಲ, ಫೋಟೊಗ್ರಾಫರ್ ಸರಿದರೆ ಸಾಕು. ಮೊಣಕಾಲೂರಿ ಕೂತು ಎರಡಡಿ ಪಕ್ಕಕ್ಕೆ ಹೋದರೆ ಟೋಪಿ ಹೆಣಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಈ ಎರಡಡಿಯನ್ನು ಇಲ್ಲಿ ಇಟ್ಟಿರುತ್ತೇನೆ, ಮುಂದೆ ಬೇಕಾಗುತ್ತದೆ.

‘ದಿ ಕ್ರಿಟಿಕ್’ ವಿಷಯದಲ್ಲಿ ಮಾತ್ರ ನಿಮಗೆ ಗೊತ್ತಾದದ್ದು ಸರಿ. 1943ರ ನವೆಂಬರ್ 22, ಮೆಟ್ರೊಪಾಲಿಟನ್ ಒಪೆರಾದ ಋತುವಿನ ಆರಂಭದ ರಾತ್ರಿ. ವಜ್ರ ಹೇರಿಕೊಂಡ ಇಬ್ಬರು ಶ್ರೀಮಂತ ಹೆಂಗಸರು, ಜಾರ್ಜ್ ವಾಷಿಂಗ್ಟನ್ ಕ್ಯಾವನಾ ಅವರ ಪತ್ನಿ ಮತ್ತು ಲೇಡಿ ಡೀಸೀಸ್, ಕಾರಿನಿಂದ ಇಳಿದು ಬರುತ್ತಿದ್ದಾರೆ. ಬಲಗಡೆ ಕೆದರಿದ ಕೂದಲಿನ, ಮಾಸಿದ ಕೋಟಿನ ಹೆಂಗಸೊಬ್ಬಳು ಅವರನ್ನು ಕೆಕ್ಕರಿಸಿ ನೋಡುತ್ತಿದ್ದಾಳೆ. ಆ ಹೆಂಗಸು ಅಲ್ಲಿದ್ದದ್ದು ತನಗೆ ನೆಗೆಟಿವ್ ತೊಳೆದಾಗಲೇ ಗೊತ್ತಾದದ್ದು ಎಂದು ವೀಜಿ ಹೇಳುತ್ತ ಬಂದ. ಅವನು ಸತ್ತ ಎಷ್ಟೋ ವರ್ಷದ ಮೇಲೆ ಅವನ ಸಹಾಯಕ ಲೂಯಿ ಲಿಯೋಟ್ಟ ನಿಜ ಬಿಡಿಸಿದ. ಬವರಿ ಬೀದಿಯ ‘ಸ್ಯಾಮೀಸ್’ ಎಂಬ ಕುಡಿತದಂಗಡಿಯಿಂದ ಆಕೆಯನ್ನು ಕರೆತಂದು, ಅಗ್ಗದ ವೈನ್ ಕುಡಿಸಿ, ಆ ಕಾರು ಬಂದಾಗ ಸರಿಯಾದ ಜಾಗದಲ್ಲಿ ಆಕೆಯನ್ನು ಬಿಟ್ಟದ್ದು ತಾನೇ. ಸಾಲದ್ದಕ್ಕೆ ಆಜುಬಾಜಿನಲ್ಲಿ ನಿಂತ ಜನರನ್ನು ಕತ್ತರಿಸಿ ಹಾಕಿ ಮೂವರನ್ನಷ್ಟೇ ಉಳಿಸಿಕೊಂಡರು. ಡಿಸೆಂಬರಿನಲ್ಲಿ ‘ಲೈಫ್’ ಪತ್ರಿಕೆ ಅದನ್ನು ಸುದ್ದಿಚಿತ್ರವಾಗಿಯೇ ಅಚ್ಚು ಹಾಕಿತು.

ಇದು ಮೋಸವೇ? ಹೌದು. ಚಿತ್ರದಲ್ಲಿರುವ ಅಂತರ, ಆ ಕಡೆ ವಜ್ರ ಈ ಕಡೆ ಚಿಂದಿ, ನ್ಯೂಯಾರ್ಕಿನಲ್ಲಿ ನಿಜವಾಗಿಯೂ ಇತ್ತಲ್ಲ ಎಂದು ಅವನ ಪರ ವಾದಿಸುವವರಿದ್ದಾರೆ. ಇತ್ತು. ಆ ಅಂತರವನ್ನು ತೋರಿಸಲು ನಾಟಕ ಬರೆಯಬಹುದು, ಸಿನಿಮಾ ಮಾಡಬಹುದು. ‘ಇಂಥ ರಾತ್ರಿ ಇಂಥಲ್ಲಿ ಇದು ತಾನಾಗಿ ನಡೆಯಿತು’ ಎಂದು ಪತ್ರಿಕೆಗೆ ಮಾರುವ ಹಾಗಿಲ್ಲ. ನನ್ನನ್ನು ಹೆಚ್ಚು ಕಾಡುವುದು ಬೇರೆ. ಆ ಇಬ್ಬರು ಶ್ರೀಮಂತರ ಹೆಸರು ಎಲ್ಲ ಕಡೆ ಸಿಗುತ್ತದೆ, ನಾನೂ ಈಗ ಬರೆದೆ. ಮೂರನೆಯವಳು ಇವತ್ತಿಗೂ ‘ಕುಡಿದ ಹೆಂಗಸು’. ಬಡವರ ಪರ ಎಂದು ಹೊಗಳಿಸಿಕೊಂಡ ಚಿತ್ರದಲ್ಲಿ ಬಳಕೆಯಾದವಳು ಬಡವಳೇ, ಕೂಲಿ ಒಂದಿಷ್ಟು ವೈನ್.

ಹಾಗಾದರೆ ಉಳಿದ ಚಿತ್ರಗಳನ್ನೂ ಗಂಟು ಕಟ್ಟಿ ಎಸೆಯಬೇಕೆ? ಬೇಡ. ಅವನು ಮಾಡಿದ ನಿಜವಾದ ಕೆಲಸ ಇನ್ನೂ ಹೇಳಿಲ್ಲ. ಮೊದಲು ಆ ಚಿತ್ರಗಳು ಹಾಗೆ ಕಾಣುವುದೇಕೆ ಅನ್ನುವುದು, ಏಕೆಂದರೆ ನೀವು ನಕಲು ಮಾಡುತ್ತಿರುವುದು ಅದನ್ನೇ.

ಅವನ ಕ್ಯಾಮೆರಾ ಸ್ಪೀಡ್ ಗ್ರಾಫಿಕ್. ನಾಲ್ಕಿಂಚು ಅಗಲ ಐದಿಂಚು ಉದ್ದದ ಹಾಳೆ ಫಿಲ್ಮ್, ಒಂದು ಹೋಲ್ಡರಿನಲ್ಲಿ ಎರಡೇ ಹಾಳೆ. ಕತ್ತಲಲ್ಲಿ ಫೋಕಸ್ ಮಾಡುತ್ತ ಕೂರಲು ಸಮಯವಿಲ್ಲ. ಅದಕ್ಕೇ ಎಲ್ಲವನ್ನೂ ಮೊದಲೇ ಕಟ್ಟಿಟ್ಟಿರುತ್ತಿದ್ದ. ಬೆಳಕನ್ನು ಒಳಬಿಡುವ ಕಿಂಡಿ, ಅಂದರೆ ಅಪರ್ಚರ್, ಕಿರಿದಾಗಿ ಎಫ್/16, ವೇಗ ಸೆಕೆಂಡಿನ 1/200, ಫೋಕಸ್ ಹತ್ತಡಿ. ಹತ್ತಡಿ ದೂರಕ್ಕೆ ಹೋಗಿ ನಿಂತು ಒತ್ತಿದರೆ ಆಯಿತು. ಬೆಳಕು ಫ್ಲ್ಯಾಶ್ ಬಲ್ಬಿನದು. ಆಮ್ಲಜನಕ ತುಂಬಿದ ಗಾಜಿನ ಬುರುಡೆಯೊಳಗೆ ತೆಳು ಅಲ್ಯೂಮಿನಿಯಂ ಹಾಳೆ ಒಮ್ಮೆಲೇ ಉರಿದು ಬೆಳಕಾಗುತ್ತದೆ. ಒಂದು ಬಲ್ಬಿಗೆ ಒಂದೇ ಚಿತ್ರ. ಅಮೆರಿಕದಲ್ಲಿ ಅದು ಮಾರುಕಟ್ಟೆಗೆ ಬಂದದ್ದೇ 1930ರಲ್ಲಿ. ಅದಕ್ಕೆ ಮುಂಚೆ ಬಟ್ಟಲಲ್ಲಿ ಮೆಗ್ನೀಸಿಯಂ ಪುಡಿ ಸುಡಬೇಕಿತ್ತು, ಹೊಗೆ, ಸದ್ದು, ಕೈ ಸುಟ್ಟುಕೊಳ್ಳುವುದು ಎಲ್ಲ ಇತ್ತು. ವೀಜಿಯ ರಾತ್ರಿಗಳು ಬಲ್ಬು ಬಂದಿದ್ದರಿಂದ ಸಾಧ್ಯವಾದ ರಾತ್ರಿಗಳು.

ಈಗ ಲೆಕ್ಕ ನೋಡಿ. ಫ್ಲ್ಯಾಶಿನ ಬೆಳಕು ದೂರ ಎರಡರಷ್ಟಾದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಹತ್ತಡಿಯಲ್ಲಿರುವ ಮುಖಕ್ಕೆ ಬೆಳಕು ಸರಿಯಾಗಿದ್ದರೆ ಇಪ್ಪತ್ತಡಿಯ ಗೋಡೆಗೆ ಅದರ ಕಾಲು ಭಾಗ, ನಲವತ್ತಡಿಯ ಅಂಗಡಿಗೆ ಹದಿನಾರನೇ ಒಂದು ಭಾಗ. ಜೊತೆಗೆ ಎಫ್/16 ಅಂದರೆ ಬೀದಿದೀಪದ ಬೆಳಕು ಫಿಲ್ಮಿಗೆ ಮುಟ್ಟುವುದೇ ಇಲ್ಲ. ಊರೆಲ್ಲ ಮಸಿ ಬಳಿದಂತೆ, ಮಧ್ಯೆ ಒಂದು ಬೆಳ್ಳನೆ ಗುಂಪು. ನಾವು ಅದಕ್ಕೆ ‘ನಗರದ ಕರಾಳ ಆತ್ಮ’ ಅಂತೆಲ್ಲ ಹೆಸರು ಕೊಟ್ಟೆವು. ಅರ್ಧ ಪಾಲು ಅದು ಬೆಳಕಿನ ಗಣಿತ, ಕಾಲು ಪಾಲು ಒರಟು ಪತ್ರಿಕಾ ಕಾಗದದ ಮೇಲೂ ಚಿತ್ರ ಎದ್ದು ಕಾಣಬೇಕಾದ ವ್ಯಾಪಾರ. ಇದನ್ನು ನಕಲು ಮಾಡಲು ನಿಮ್ಮ ಈಗಿನ ಕ್ಯಾಮೆರಾಕ್ಕೆ ಹತ್ತು ನಿಮಿಷ ಸಾಕು. ಹಾಗಾಗಿ ಅದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ.

ಉಳಿದ ಕಾಲು ಪಾಲಿನಲ್ಲಿ ಅವನ ಪ್ರತಿಭೆ ಇದೆ. ಹೆಣದ ಚಿತ್ರವನ್ನು ಅವನಿಗಿಂತ ಮೊದಲೂ ತೆಗೆದಿದ್ದರು, ಪಕ್ಕದಲ್ಲಿ ನಿಂತು ಇನ್ನೊಬ್ಬನೂ ತೆಗೆಯುತ್ತಿದ್ದ. ಕೊಲೆಯ ಚಿತ್ರ ತೆಗೆಯುವುದು ಸುಲಭದ ಕೆಲಸ, ಹೆಣ ಎಲ್ಲಿಗೂ ಎದ್ದು ಹೋಗುವುದಿಲ್ಲ ಎನ್ನುವ ಅರ್ಥದ ಮಾತು ಅವನೇ ಆಡಿದ್ದಾನೆ. ವೀಜಿ ಹೆಣಕ್ಕೆ ಬೆನ್ನು ತಿರುಗಿಸಿ ನಿಂತ.

1941ರ ಅಕ್ಟೋಬರ್, ಬ್ರೂಕ್ಲಿನ್. ಜೂಜಾಡುವವನೊಬ್ಬ ಬೀದಿಯಲ್ಲಿ ಗುಂಡಿಗೆ ಬಲಿಯಾಗಿದ್ದಾನೆ, ಆಗಷ್ಟೇ ಶಾಲೆ ಮುಗಿಸಿ ಹೊರಬಂದ ಮಕ್ಕಳು ಮುತ್ತಿಕೊಂಡಿದ್ದಾರೆ. ಚಿತ್ರದಲ್ಲಿ ಹೆಣವೇ ಇಲ್ಲ. ಬರೀ ಮುಖಗಳು. ಒಬ್ಬ ಹುಡುಗ ಹಲ್ಲು ಕಿರಿಯುತ್ತಿದ್ದಾನೆ, ಒಬ್ಬಳು ಕತ್ತು ಚಾಚಿದ್ದಾಳೆ, ಇನ್ನೊಬ್ಬ ನೇರ ಕ್ಯಾಮೆರಾವನ್ನೇ ನೋಡುತ್ತಿದ್ದಾನೆ. ನಟ್ಟನಡುವೆ ಒಬ್ಬ ಹೆಂಗಸು ಬಾಯಿ ತೆರೆದು ಅಳುತ್ತಿದ್ದಾಳೆ, ಸತ್ತವನ ಬಂಧು. ನೂಕುನುಗ್ಗಲಿನಲ್ಲಿ ಅಳು, ನಗು, ಕುತೂಹಲ ಒಂದರ ಮೇಲೊಂದು ಬಿದ್ದಿವೆ. ‘ಅವರ ಮೊದಲ ಕೊಲೆ’ ಎಂಬ ಹೆಸರಿನಿಂದ ಆ ಚಿತ್ರ ಇವತ್ತು ಪ್ರಸಿದ್ಧ. ಅದನ್ನು ಹಾಕಿದ ‘ಪಿಎಂ’ ಪತ್ರಿಕೆ ಜಾಹೀರಾತು ತೆಗೆದುಕೊಳ್ಳದೆ ನಡೆಯುತ್ತಿತ್ತು, ಚಿತ್ರಗಳನ್ನು ದೊಡ್ಡದಾಗಿ ಹಾಕುತ್ತಿತ್ತು, ವೀಜಿಗೆ ತನ್ನದೇ ಮಾತಿನಲ್ಲಿ ಬರೆಯಲು ಬಿಡುತ್ತಿತ್ತು. ಒಳ್ಳೆಯ ಫೋಟೊಗ್ರಾಫರಿಗೆ ಒಳ್ಳೆಯ ಡೆಸ್ಕ್ ಬೇಕು ಅನ್ನುವುದನ್ನು ನಾವು ಸಾಕಷ್ಟು ಹೇಳುವುದಿಲ್ಲ.

1939ರ ಡಿಸೆಂಬರಿನ ಇನ್ನೊಂದು ಚಿತ್ರ. ಬೆಂಕಿ ಬಿದ್ದ ವಠಾರದ ಮುಂದೆ ತಾಯಿ, ಮಗಳು ಮೇಲೆ ನೋಡುತ್ತ ನಿಂತಿದ್ದಾರೆ. ಇನ್ನೊಬ್ಬ ಮಗಳು, ಅವಳ ಕೂಸು ಒಳಗೇ ಉಳಿದಿವೆ. ಬೆಂಕಿ ಚಿತ್ರದಲ್ಲಿಲ್ಲ. ಇದನ್ನು ತೆಗೆಯುವಾಗ ಅತ್ತೆ ಎಂದು ಅವನು ಬರೆದಿದ್ದಾನೆ. ಬಾಯಿಬಡುಕನ ಮಾತು ನಂಬಬಾರದು ಅಂತ ನಾನೇ ಮೇಲೆ ಹೇಳಿದೆ. ಇದೊಂದನ್ನು ನಂಬುತ್ತೇನೆ. ಆ ಚಿತ್ರದ ಮುಂದೆ ಸ್ವಲ್ಪ ಹೊತ್ತು ಕೂತರೆ ನೀವೂ ನಂಬುತ್ತೀರಿ. ಬಿಸಿಲ ಧಗೆಗೆ ಮನೆಯೊಳಗೆ ಮಲಗಲಾರದೆ ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ ಒಬ್ಬರ ಮೇಲೊಬ್ಬರು ಮಲಗಿರುವ ಮಕ್ಕಳು, 1940ರ ಬೇಸಗೆಯಲ್ಲಿ ಕೋನಿ ಐಲೆಂಡಿನ ಸಮುದ್ರತೀರದಲ್ಲಿ ಮರಳೇ ಕಾಣದಷ್ಟು ಸೇರಿದ ಜನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಕದ್ದು ತೆಗೆದ ಚಿತ್ರಮಂದಿರದ ಪ್ರೇಮಿಗಳು (ಇದನ್ನು ನಾನು ಮೆಚ್ಚುವುದಿಲ್ಲ, ಇಣುಕುವ ಕೆಲಸ), ಹೀಗೆ ಅವನ ನಿಜವಾದ ವಿಷಯ ನೋಡುವ ಜನ.

ದುಡ್ಡು? ಮಾಡಿದ. ಎರಡು ಕೊಲೆಗೆ 35 ಡಾಲರ್ ಎಂದು ಬರೆದಿದ್ದ, ‘ಲೈಫ್’ ಪ್ರಕಾಶಕರ ಚೆಕ್ಕಿನ ಚೀಟಿಯನ್ನು ಹೆಮ್ಮೆಯಿಂದ ತೋರಿಸುತ್ತಿದ್ದ. ಒಂದು ಕೊಲೆಗೆ ಹದಿನೇಳೂವರೆ! ಸಂಬಳವಿಲ್ಲ, ಮಾರಿದರೆ ಊಟ. ‘ಕೊಲೆಯೇ ನನ್ನ ಕಸುಬು’ ಎಂದು 1941ರಲ್ಲಿ ಫೋಟೊ ಲೀಗ್ ಎಂಬ ಫೋಟೊಗ್ರಾಫರುಗಳ ಸಂಘದಲ್ಲಿ ನಡೆದ ತನ್ನ ಪ್ರದರ್ಶನಕ್ಕೆ ಹೆಸರಿಟ್ಟದ್ದು ತಮಾಷೆಯೂ ಹೌದು, ದುಡಿಮೆಯ ಲೆಕ್ಕಚೀಟಿಯೂ ಹೌದು. ಅವನ ಸ್ಥಿತಿ ನಿಮ್ಮದಕ್ಕಿಂತ ಬೇರೆಯಲ್ಲ. ಒಂದು ಫೋಟೊಗೆ ಇಷ್ಟು ಎಂದು ಕೊಡುವ ಪದ್ಧತಿ ಇರುವಲ್ಲೆಲ್ಲ ಫೋಟೊವನ್ನು ‘ಒಂಚೂರು’ ಚೆನ್ನಾಗಿ ಮಾಡುವ ಆಸೆ ಹುಟ್ಟಿಯೇ ಹುಟ್ಟುತ್ತದೆ. ನಿಮ್ಮ ಕೈ ಚಪ್ಪಲಿಯ ಕಡೆ ಹೋದದ್ದರಲ್ಲಿ ಆ ಪದ್ಧತಿಯ ಪಾಲೂ ಇದೆ.

ಅವನ ಮುಂದಿನ ಕಥೆ ಬೇಗ ಹೇಳಿಬಿಡುತ್ತೇನೆ. 1943ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಅವನ ಚಿತ್ರಗಳನ್ನು ಕೊಂಡಿತು. 1945ರಲ್ಲಿ ಬಂದ ‘ನೇಕೆಡ್ ಸಿಟಿ’ ಪುಸ್ತಕ ಹೆಸರು ತಂದಿತು, ಆ ಹೆಸರನ್ನು ಕೊಂಡು 1948ರಲ್ಲಿ ಸಿನಿಮಾ ಮಾಡಿದರು. ವೀಜಿ ಹಾಲಿವುಡ್ಡಿಗೆ ಹೋದ, ಸಣ್ಣಪುಟ್ಟ ಪಾತ್ರ ಮಾಡಿದ, ತಾರೆಯರ ಮುಖವನ್ನು ಸೊಟ್ಟ ಸೊಟ್ಟ ಮಾಡುವ ಮಸೂರದ ಆಟಕ್ಕೆ ಬಿದ್ದ. ಆ ಚಿತ್ರಗಳು ನನಗೆ ಜಾತ್ರೆಯ ಕನ್ನಡಿಮನೆಯನ್ನು ನೆನಪಿಸುತ್ತವೆ, ಅಷ್ಟಕ್ಕಷ್ಟೇ. 1963ರಲ್ಲಿ ಸ್ಟಾನ್ಲಿ ಕ್ಯೂಬ್ರಿಕ್, ತಾನೂ ಹಿಂದೆ ಪತ್ರಿಕಾ ಫೋಟೊಗ್ರಾಫರ್ ಆಗಿದ್ದವನು, ‘ಡಾಕ್ಟರ್ ಸ್ಟ್ರೇಂಜ್‌ಲವ್’ ಸಿನಿಮಾದ ಸೆಟ್ಟಿಗೆ ಅವನನ್ನು ಕರೆಸಿದ. ಅಲ್ಲಿ ಅವನು ಮಾತಾಡುವ ಧಾಟಿಯನ್ನು ಕೇಳಿಕೊಂಡು ಪೀಟರ್ ಸೆಲ್ಲರ್ಸ್ ತನ್ನ ಪಾತ್ರದ ಉಚ್ಚಾರಕ್ಕೆ ಬಳಸಿಕೊಂಡ. 1968ರ ಡಿಸೆಂಬರ್ 26ರಂದು ವೀಜಿ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಜೊತೆಗಿದ್ದ ವಿಲ್ಮಾ ವಿಲ್ಕಾಕ್ಸ್ ಎಂಬ ಸಮಾಜ ಕಾರ್ಯಕರ್ತೆ ಅವನ ಸಾವಿರಾರು ಪ್ರಿಂಟು, ನೆಗೆಟಿವ್ ತುಂಬಿದ ಪೆಟ್ಟಿಗೆಗಳನ್ನು ದಶಕಗಳ ಕಾಲ ಕಾಪಾಡಿದರು. ಅವರು ಸತ್ತ ಮೇಲೆ 1993ರಲ್ಲಿ ಅವೆಲ್ಲ ನ್ಯೂಯಾರ್ಕಿನ ಅಂತರರಾಷ್ಟ್ರೀಯ ಛಾಯಾಚಿತ್ರ ಕೇಂದ್ರಕ್ಕೆ ಸೇರಿದವು. ಆ ಮಹಾತಾಯಿ ಇಲ್ಲದಿದ್ದರೆ ನೀವು ಹಾವೇರಿಯಲ್ಲಿ ಕೂತು ವೀಜಿಯನ್ನು ಗುರು ಮಾಡಿಕೊಳ್ಳುವುದು ಕಷ್ಟವಿತ್ತು.

ಈಗ ಚಪ್ಪಲಿ.

‘ದಿ ಕ್ರಿಟಿಕ್’ಗಿಂತ ನಿಮ್ಮದು ಚಿಕ್ಕ ತಪ್ಪು ಎಂದು ನಾನು ಹೇಳಬೇಕೆಂದು ನೀವು ಬಯಸುತ್ತಿರಬಹುದು. ಒಂದು ರೀತಿಯಲ್ಲಿ ಅದು ದೊಡ್ಡದು. ಒಪೆರಾದ ಬಾಗಿಲಲ್ಲಿ ಯಾರೂ ಸತ್ತಿರಲಿಲ್ಲ, ಪೊಲೀಸ್ ಕೇಸು ಇರಲಿಲ್ಲ. ಅಪಘಾತದ ಜಾಗದಲ್ಲಿ ಯಾವ ವಸ್ತು ಎಲ್ಲಿ ಬಿದ್ದಿತ್ತು ಅನ್ನುವುದೇ ಸಾಕ್ಷ್ಯ. ಪೊಲೀಸರು ಪಂಚನಾಮೆ ಬರೆಯುವುದು, ಸ್ಥಳದ ನಕ್ಷೆ ಹಾಕುವುದು ಅದಕ್ಕೇ. ಮುಂದೆ ಪರಿಹಾರದ ಅರ್ಜಿ ನ್ಯಾಯಮಂಡಳಿಗೆ ಹೋದಾಗ ವಿಮೆ ಕಂಪನಿಯ ವಕೀಲರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಮಗು ರಸ್ತೆಯ ಅಂಚಿನಲ್ಲಿತ್ತೋ ನಡುವೆ ಇತ್ತೋ ಎಂಬುದು. ಅಂಚಿನಲ್ಲಿದ್ದ ಚಪ್ಪಲಿಯನ್ನು ನೀವು ಟೈರಿನ ಗುರುತಿಗೆ ತಂದಿರಿ. ಮುಖಪುಟದಲ್ಲಿ ಬಂದ ನಿಮ್ಮ ಫೋಟೊವನ್ನು ಯಾರಾದರೂ ಎತ್ತಿ ಹಿಡಿದು ‘ನೋಡಿ, ಮಗು ಇಲ್ಲಿತ್ತು’ ಅಂದರೆ? ಪಂಚನಾಮೆಗೆ ಮೊದಲೇ ನೀವು ಅದನ್ನು ಸರಿಸಿದ್ದರೆ ನಕ್ಷೆಯೂ ತಪ್ಪಿರಬಹುದು. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಚೆಲುವಿಗಾಗಿ ಮಾಡಿದ ಎರಡಡಿ ಎಲ್ಲಿಯವರೆಗೆ ಹೋಗಬಹುದೆಂದು ತೋರಿಸುತ್ತಿದ್ದೇನೆ. ಮೊಣಕಾಲೂರಿ ನೀವೇ ಸರಿದಿದ್ದರೆ ಚಪ್ಪಲಿ, ಟೈರಿನ ಗುರುತು ಎರಡೂ ಒಂದೇ ಚೌಕಟ್ಟಿನಲ್ಲಿ ಬರುತ್ತಿದ್ದವು ಅನ್ನುವುದು ನಿಮಗೀಗ ಹೊಳೆದಿರಬೇಕು.

ದಾರಿಗಳು ಯಾವುವು? ಸ್ಪರ್ಧೆಗೆ ಕಳಿಸದೆ ಬಾಯಿ ಮುಚ್ಚಿಕೊಂಡಿರುವುದು ಒಂದು. ಸುಲಭ ಅನ್ನಿಸುತ್ತದೆ. ಆದರೆ ಆ ದಿನ ಅಲ್ಲಿ ನೆರೆದವರಲ್ಲಿ ಎಷ್ಟು ಜನರ ಮೊಬೈಲಿನಲ್ಲಿ ಚಪ್ಪಲಿ ಅಂಚಿನಲ್ಲೇ ಇರುವ ವಿಡಿಯೊ ಇದೆಯೋ? ಪತ್ರಿಕೆಯ ಸಂಗ್ರಹದಲ್ಲಿರುವ ಚಿತ್ರ ರಸ್ತೆ ಸುರಕ್ಷತಾ ಸಪ್ತಾಹಕ್ಕೋ ಇನ್ನಾವುದಕ್ಕೋ ಮತ್ತೆ ಎದ್ದು ಬರುತ್ತದೆ. ನಿದ್ದೆಯೂ ಬರುವುದಿಲ್ಲ. ‘ಇದು ಜೋಡಿಸಿದ ಚಿತ್ರ’ ಎಂದು ಅಡಿಬರಹ ಹಾಕಿಯೇ ಕಳಿಸುವುದು ಇನ್ನೊಂದು ದಾರಿ. ಸುದ್ದಿಚಿತ್ರದ ವಿಭಾಗದಲ್ಲಿ ಅದನ್ನು ತೆಗೆದುಕೊಳ್ಳುವುದಿಲ್ಲ, ಕಲಾ ವಿಭಾಗದಲ್ಲಿ ತೆಗೆದುಕೊಂಡರೂ ನಿಜವಾಗಿ ಸತ್ತ ಮಗುವಿನ ಚಪ್ಪಲಿ ಅದು. ಅದರ ತಂದೆತಾಯಿ ನಿಮ್ಮ ತಾಲ್ಲೂಕಿನವರೇ ಇರಬಹುದು. ಬೇಡ.

ನಾನು ಹೇಳುವುದು, ಸಂಪಾದಕರಿಗೆ ತಿಳಿಸಿ. ಫೋನಿನಲ್ಲಿ ಬೇಡ, ಎದುರು ಕೂತು ಹೇಳಿ, ಆಮೇಲೆ ಎರಡು ಸಾಲು ಬರೆದು ಕೊಡಿ. ಅಪಾಯ ಇದೆ. ಹೊರಗಿನಿಂದ ಫೋಟೊ ಕೊಡುವವನನ್ನು ಕೈಬಿಡಲು ಪತ್ರಿಕೆಗೆ ನೋಟಿಸೂ ಬೇಕಿಲ್ಲ. ಕೆಲವರು ‘ಇಷ್ಟಕ್ಕೆಲ್ಲ ಯಾಕಪ್ಪ’ ಎಂದು ನಕ್ಕು ಕಳಿಸುತ್ತಾರೆ, ಅದು ಇನ್ನೂ ಕಷ್ಟ. ಚಿತ್ರವನ್ನು ಸಂಗ್ರಹದಿಂದ ತೆಗೆಯಿರಿ, ಇಲ್ಲವಾದರೆ ‘ಮರುಬಳಕೆ ಬೇಡ’ ಎಂದು ಗುರುತು ಹಾಕಿ ಎಂಬುದಷ್ಟನ್ನಾದರೂ ಪಟ್ಟು ಹಿಡಿದು ಕೇಳಿ. ಆ ಅಪಘಾತದ ಕೇಸು ಇನ್ನೂ ನಡೆಯುತ್ತಿದ್ದರೆ ಮೊದಲು ಒಬ್ಬ ವಕೀಲರನ್ನು ಕಂಡು, ಅವರು ಹೇಳಿದ ರೀತಿಯಲ್ಲಿ ತನಿಖಾಧಿಕಾರಿಗೆ ವಿಷಯ ಮುಟ್ಟಿಸಿ. ನಾನು ವಕೀಲನಲ್ಲ. ಸಾಕ್ಷ್ಯ ನಾಶದ ಅಪರಾಧಕ್ಕೆ ಆರೋಪಿಯನ್ನು ಉಳಿಸುವ ಉದ್ದೇಶ ಬೇಕು ಅನ್ನುವಷ್ಟು ತಿಳಿದಿದೆ, ನಿಮಗೆ ಅದಿರಲಿಲ್ಲ. ಆದರೂ ಈ ಮಾತನ್ನು ನನ್ನ ಬಾಯಿಂದ ಕೇಳಿ ಧೈರ್ಯ ತಂದುಕೊಳ್ಳುವ ಬದಲು ವಕೀಲರ ಬಾಯಿಂದ ಕೇಳಿ.

ಮುಂದಿನ ಕೆಲಸಕ್ಕೆ ಒಂದು ಎಚ್ಚರಿಕೆ. ವೀಜಿಯಂತೆ ನೋಡುವವರ ಕಡೆ ತಿರುಗಿ ಎಂದು ನಾನು ಹುಡುಗರಿಗೆ ಹೇಳುತ್ತೇನೆ, ಆದರೆ ‘ಅವರ ಮೊದಲ ಕೊಲೆ’ಯಂಥ ಚಿತ್ರವನ್ನು ಇವತ್ತು ನಮ್ಮಲ್ಲಿ ಹಾಗೇ ಅಚ್ಚು ಹಾಕಿದರೆ ತೊಡಕು. ಅಪರಾಧಕ್ಕೆ ಬಲಿಯಾದ ಇಲ್ಲವೆ ಸಾಕ್ಷಿಯಾದ ಮಗುವಿನ ಗುರುತು ಸಿಗುವಂಥ ಚಿತ್ರವನ್ನು ಮಾಧ್ಯಮದಲ್ಲಿ ಹಾಕುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ತಡೆಯುತ್ತದೆ. ಲೈಂಗಿಕ ಅಪರಾಧವಾದರೆ ಪೋಕ್ಸೊದ 23ನೇ ಸೆಕ್ಷನ್ ಇನ್ನೂ ಬಿಗಿ. ‘ಮುಖ ಮಸುಕು ಮಾಡಿದ್ದೇವೆ’ ಎಂದು ಶಾಲೆಯ ಸಮವಸ್ತ್ರ, ಮನೆಯ ಬಾಗಿಲು, ತಾಯಿಯ ಮುಖ ತೋರಿಸಿದರೂ ಗುರುತು ಸಿಕ್ಕಂತೆಯೇ.

ಅಮ್ಮನ ಮಾತಿಗೆ ಬರುತ್ತೇನೆ. ಸ್ನಾನ ಮಾಡಿ ಒಳಗೆ ಹೋಗಿ, ಅದರಲ್ಲಿ ತಪ್ಪೇನಿದೆ? ನನ್ನ ತಾಯಿಯೂ ಬಚ್ಚಲ ಒಲೆಗೆ ಬೆಂಕಿ ಹಾಕಿಯೇ ಕಾಯುತ್ತಿದ್ದರು. ಪಾಪವೋ ಅಲ್ಲವೋ ಅನ್ನುವುದಕ್ಕೆ ನನ್ನಲ್ಲಿ ಶಾಸ್ತ್ರವಿಲ್ಲ, ನಡೆದ ಒಂದು ಸಂಗತಿ ಇದೆ. ಎಂಬತ್ತರ ದಶಕದ ಕೊನೆ. ಬೆಂಗಳೂರಿನ ಹೊರವಲಯದ ಕೆರೆಯೊಂದರಲ್ಲಿ ಈಜಲು ಹೋದ ಹುಡುಗ ಮುಳುಗಿ ಸತ್ತಿದ್ದ. ನಾನು ಹೋದಾಗ ದಡದಲ್ಲಿ ಮಲಗಿಸಿ ಪಂಚೆ ಹೊದಿಸಿದ್ದರು. ಮರ್ಯಾದೆಯಿಂದ ತೆಗೆಯಬೇಕು ಎಂದು ಮುಖ ಬಿಟ್ಟು, ಪಂಚೆಯ ಕೆಳಗೆ ಕಾಣುತ್ತಿದ್ದ ಎರಡು ಪಾದ, ತಲೆಯ ಮೇಲೆ ಕೈ ಹೊತ್ತು ಕೂತ ತಾಯಿ, ಹಿಂದೆ ನಿಂತ ಊರ ಜನ, ಇಷ್ಟನ್ನು ತೆಗೆದೆ. ನಾಲ್ಕು ಕಾಲಂ ಬಂತು. ಹತ್ತು ದಿನದ ಮೇಲೆ ಆ ತಾಯಿ ತಮ್ಮನ ಜೊತೆ ಕಚೇರಿಗೆ ಬಂದರು. ಬೈಯಲು ಬಂದಿದ್ದಾರೆ ಅಂದುಕೊಂಡು ನಾನು ಡಾರ್ಕ್‌ರೂಮಿನಿಂದ ಹೊರಗೆ ಬರಲು ಹಿಂದೆ ಮುಂದೆ ನೋಡಿದೆ. ಅವರು ಬಂದದ್ದು ಪ್ರಿಂಟು ಕೇಳಲು. ಮನೆಯಲ್ಲಿ ಮಗನ ಒಂದು ಫೋಟೊವೂ ಇರಲಿಲ್ಲ. ಪ್ರಿಂಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ‘ಮಖ ಬರೋ ಹಂಗೆ ತೆಗೀಲಿಲ್ವಾ ಸ್ವಾಮಿ?’ ಅಂದರು. ಇನ್ನೊಂದು ನೆಗೆಟಿವ್ ಇದೆಯೇನೋ ಎಂದು ಎಲ್ಲ ಹುಡುಕಿದೆ. ಇರಲಿಲ್ಲ.

ಅಂದಿನಿಂದ ಇಂಥ ಕಡೆ ಹೋದಾಗ ಪತ್ರಿಕೆಗೆ ಕೊಡದ ಒಂದು ಚಿತ್ರವನ್ನೂ ತೆಗೆದಿಟ್ಟುಕೊಳ್ಳುತ್ತಿದ್ದೆ, ಮನೆಯವರು ಎಂದಾದರೂ ಬಂದು ಕೇಳಿದರೆ ಕೊಡಲು. ಮೂವತ್ತು ವರ್ಷದಲ್ಲಿ ಕೇಳಿದವರು ಆರೇಳು ಜನ. ನೀವೂ ಬೇಕಾದರೆ ಹಾಗೆ ಮಾಡಿ. ಸಂಪಾದಕರನ್ನು ಕಾಣಲು ಹೋಗುವ ಮೊದಲು ಆ ದಿನದ ಮೆಮೊರಿ ಕಾರ್ಡಿನಲ್ಲಿ ಏನೇನಿದೆಯೋ ಒಂದನ್ನೂ ಅಳಿಸದೆ ಬೇರೆ ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಿ. ಚಪ್ಪಲಿ ಸರಿಸುವ ಮುಂಚಿನ ಫ್ರೇಮು ಅದರಲ್ಲಿದ್ದರೆ ವಕೀಲರಿಗೆ ಮೊದಲು ತೋರಿಸಬೇಕಾದದ್ದು ಅದನ್ನೇ.